ಕರುಳು ಕಿತ್ತು ಬರೋ 'ಓವರ್‌ಲಾರ್ಡ್' ನಿಮಗ್ಯಾಕೆ ಇಷ್ಟ?

ಸೆಕೆಂಡ್‌ಶೋ_ರಾಜಾಜಿನಗರ

ಮೊನ್ನೆ ಭಾನುವಾರ ಮಧ್ಯಾಹ್ನ ಜೋರು ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಮನೇಲಿ ನಾನು, ನನ್ನ ಭಾಮೈದ ಇಬ್ರೇ. "ಯುದ್ಧದ ಸಿನಿಮಾ ಒಂದಿದೆ, ನೋಡೋಣ ಬಾರೋ" ಅಂತ ಕೂರಿಸ್ಕೊಂಡು ಓವರ್‌ಲಾರ್ಡ್ ಹಾಕ್ದೆ. ಯುದ್ಧ ಬಿಟ್ಟು ಬೇರೆ ಏನಿದೆ ಅಂತ ಬಾಯಿ ಬಿಡ್ಲಿಲ್ಲ. ಮೊದಲರ್ಧ ಚುರುಮುರಿ ತಿಂದ್ಕೊಂಡು ಆರಾಮಾಗಿ ನೋಡ್ದ. ಆಮೇಲೆ ಆ ಪ್ರಯೋಗಶಾಲೆ ಬಂತು. ಒಂದು ಹೆಂಗಸಿನ ತಲೆ. ಕತ್ತಿನ ಕೆಳಗೆ ಮೈಯೇ ಇಲ್ಲ, ಬರೀ ಬೆನ್ನುಮೂಳೆ ನೇತಾಡ್ತಿದೆ. ಆ ತಲೆ ಬಾಯಿ ತೆರೆದು ಸಹಾಯ ಮಾಡಿ ಅಂತ ಬೇಡ್ಕೊಳ್ಳುತ್ತೆ. ಚುರುಮುರಿ ಪೊಟ್ಟಣ ಟೀಪಾಯಿ ಮೇಲೆ ಹೋಯ್ತು, ಆಮೇಲೆ ಯಾರೂ ಅದನ್ನ ಮುಟ್ಲಿಲ್ಲ. ಆದ್ರೆ ಪುಣ್ಯಾತ್ಮ ಎದ್ದೂ ಹೋಗ್ಲಿಲ್ಲ ನೋಡಿ. ನನ್ನ ಪ್ರಶ್ನೆ ಇರೋದೇ ಅಲ್ಲಿ.

ನೋಡದೇ ಇರೋರಿಗೆ ಎರಡು ಮಾತು (ಕಥೆ ಗೊತ್ತಾಗಬಾರ್ದು ಅನ್ನೋರು ಈ ಚರ್ಚೆಯಿಂದಲೇ ಎದ್ದು ಹೋಗಿ, ಮುಂದೆ ಯಾರೂ ಮುಚ್ಚುಮರೆ ಮಾಡಲ್ಲ). 2018ರ ಚಿತ್ರ, ನಿರ್ದೇಶಕ ಜೂಲಿಯಸ್ ಏವರಿ, ನಿರ್ಮಾಪಕ ಜೆ.ಜೆ. ಏಬ್ರಮ್ಸ್. 1944ರ ಜೂನ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕ-ಬ್ರಿಟನ್ ಕಡೆಯೋರು ನಾರ್ಮಂಡಿ ತೀರಕ್ಕೆ ದಾಳಿ ಇಡೋ ಹಿಂದಿನ ರಾತ್ರಿ. ಫ್ರಾನ್ಸಿನ ಒಂದು ಹಳ್ಳಿಯ ಚರ್ಚಿನ ಮೇಲೆ ಜರ್ಮನ್ನರು ರೇಡಿಯೊ ಗೋಪುರ ಕಟ್ಟಿದ್ದಾರೆ, ಬೆಳಗಾಗೋದ್ರೊಳಗೆ ಅದನ್ನ ಉಡಾಯಿಸಬೇಕು. ಪ್ಯಾರಾಚೂಟಿಂದ ಇಳಿದ ಅಮೆರಿಕದ ಸೈನಿಕರಲ್ಲಿ ಬದುಕುಳಿಯೋರು ಬೆರಳೆಣಿಕೆ. ಅವರಲ್ಲಿ ಬಾಯ್ಸ್ ಅನ್ನೋ ಹುಡುಗ ಚರ್ಚಿನ ಕೆಳಗಡೆ ಇಳಿದು, ಅಲ್ಲಿ ನಾಜಿಗಳು ಹಳ್ಳಿಯೋರ ಮೇಲೆ ನಡೆಸ್ತಿರೋ ಪ್ರಯೋಗ ನೋಡ್ಬಿಡ್ತಾನೆ.

ನಂಗೆ ರಕ್ತ ಅಂದ್ರೆ ಆಗಲ್ಲ. ಮಟನ್ ಅಂಗಡಿ ಮುಂದೆ ಹೋಗೋವಾಗ ಎದುರು ಫುಟ್‌ಪಾತಿಗೆ ದಾಟೋ ಆಸಾಮಿ ನಾನು. ಸುಮ್ಮಸುಮ್ನೆ ಕೈಕಾಲು ಕತ್ತರಿಸೋ ಸಿನಿಮಾ ಹತ್ತು ನಿಮಿಷಕ್ಕೇ ಆಫ್ ಮಾಡ್ತೀನಿ. ಇದನ್ನ ಮಾತ್ರ ನಾಲ್ಕನೇ ಸಲ ನೋಡಿದ್ದೀನಿ. ಯಾಕೆ ಅಂತ ಈ ಸಲ ಸ್ವಲ್ಪ ಹೊಳೀತು. ಶುರುವಿನ ಆ ವಿಮಾನದ ದೃಶ್ಯ ಇದ್ಯಲ್ಲ, ಅಲ್ಲಿ ರಾಕ್ಷಸ ಇಲ್ಲ, ಪ್ರಯೋಗ ಇಲ್ಲ, ಏನೂ ಇಲ್ಲ. ತಗಡಿನ ಡಬ್ಬದೊಳಗೆ ಹುಡುಗರು ಸಾಲಾಗಿ ಕೂತಿದ್ದಾರೆ, ಕೆಳಗಿಂದ ಗುಂಡು ಬರ್ತಿದೆ, ತಗಡಲ್ಲಿ ತೂತು ಬೀಳ್ತಿದೆ. ಪಕ್ಕದಲ್ಲಿ ಕೂತಿದ್ದೋನು ಈಗಿದ್ದ, ಈಗಿಲ್ಲ. ಯಾರು ಹೊಡೆದ್ರು ಅಂತ ಮುಖ ಕೂಡ ಕಾಣ್ಸಲ್ಲ. ಇಡೀ ಸಿನಿಮಾದಲ್ಲಿ ನಂಗೆ ಹೊಟ್ಟೆ ತೊಳೆಸಿದ್ದು ಅಲ್ಲಿ. ಒಂದು ಗಂಟೆ ಆದ್ಮೇಲೆ ಸತ್ತೋರು ಎದ್ದು ಬರೋಕೆ ಶುರುವಾದಾಗ, ನಗ್ಬೇಡಿ, ಒಂಥರಾ ಸಮಾಧಾನ ಆಯ್ತು. ಅಬ್ಬ, ಹೊಡೆಯೋಕೆ ಒಂದು ಮುಖ ಸಿಕ್ತಲ್ಲ ಅಂತ.

ನಿಮಗೂ ಹಿಂಗೇ ಆಗುತ್ತಾ, ಇಲ್ಲಾ ನಂಗೆ ಮಾತ್ರ ತಲೆ ಕೆಟ್ಟಿದ್ಯಾ?

ಟಿಕೆಟ್_ಕಿಟಕಿ

ಅದೆಲ್ಲಾ ಇರ್ಲಿ, ಭಾಮೈದ ಇನ್ನೂ ಮಾತಾಡಿಸ್ತಿದ್ದಾನಾ?

ಸೆಕೆಂಡ್‌ಶೋ_ರಾಜಾಜಿನಗರ

ಅವನು ಮಾತಾಡಿಸ್ತಾನೆ. ಅವರಕ್ಕ ಮಾತಾಡಿಸ್ತಿಲ್ಲ.

ಮೂಲಂಗಿ_ಮುರಿಯೋನು

ಹೆಸರು ನೋಡಿ ನಗ್ಬೇಡಿ, ಹೊಟ್ಟೆಪಾಡು ಅದೇ. ಸಿನಿಮಾಗೆ ಫೋಲಿ ಮಾಡ್ತೀನಿ, ಅಂದ್ರೆ ಹೆಜ್ಜೆ ಸದ್ದು, ಬಟ್ಟೆ ಸರಸರ, ಬಾಗಿಲ ಕಿರ್ ಅನ್ನೋದು, ಮೂಳೆ ಮುರಿಯೋದು ಎಲ್ಲಾ ಪರದೆ ನೋಡ್ಕೊಂಡು ಸ್ಟುಡಿಯೋದಲ್ಲಿ ಮತ್ತೆ ಹುಟ್ಟಿಸೋ ಕೆಲಸ.

ನೀವೆಲ್ಲ ರಕ್ತ ಕಣ್ಣಲ್ಲಿ ನೋಡಿದ್ವಿ ಅಂದ್ಕೊಂಡಿದ್ದೀರ. ಸುಳ್ಳು. ಕಿವೀಲಿ ನೋಡಿದ್ದೀರ. ಆ ಫೋಟೋಗ್ರಾಫರ್ ಹುಡುಗ ಸತ್ತು, ಬಾಯ್ಸ್ ಇಂಜೆಕ್ಷನ್ ಚುಚ್ಚಿ ಬದುಕಿಸಿದ ಮೇಲೆ ಕತ್ತು ಹಿಂದಕ್ಕೆ ಮಡಚ್ಕೊಳ್ಳುತ್ತಲ್ಲ, ಆ ಸೀನ್ ಒಂದ್ಸಲ ಮ್ಯೂಟ್ ಮಾಡಿ ನೋಡಿ. ಯಾವುದೋ ಸರ್ಕಸ್ ಥರ ಕಾಣುತ್ತೆ, ನಗು ಬರುತ್ತೆ. ಈಗ ಕಣ್ಣು ಮುಚ್ಕೊಂಡು ಬರೀ ಸದ್ದು ಕೇಳಿ. ಒಬ್ರೇ ಇರೋವಾಗ ಬೇಡ.

ಹಾಲಿವುಡ್‌ನೋರು ಮೂಳೆ ಮುರಿಯೋ ಸದ್ದಿಗೆ ಸೆಲರಿ ದಂಟು ಮುರೀತಾರೆ, ಅದು ಹಳೇ ವಿದ್ಯೆ. ನಮ್ಗೆ ಸೆಲರಿ ದುಬಾರಿ, ಅದೂ ಅಲ್ದೆ ಸಿಕ್ಕೋದು ಬಾಡಿ ಹೋಗಿರುತ್ತೆ. ನಾನು ಮಲ್ಲೇಶ್ವರದ ಮಾರ್ಕೆಟ್ಟಿಂದ ಬೆಳಗ್ಗೆ ಬೆಳಗ್ಗೆ ಬಿಳಿ ಮೂಲಂಗಿ ತರ್ತೀನಿ. ಸಂಜೆ ಮೂಲಂಗಿ ಬಗ್ಗುತ್ತೆ, ಮುರಿಯಲ್ಲ, ಕೆಲಸಕ್ಕೆ ಬರಲ್ಲ. ಬೆರಳಿಗೆ ತೆಳ್ಳಗಿನ ಕ್ಯಾರೆಟ್, ತೊಡೆ ಮೂಳೆಗೆ ಮೂರು ಮೂಲಂಗಿ ಸೇರಿಸಿ ಒದ್ದೆ ಟವೆಲ್ಲಲ್ಲಿ ಸುತ್ತಿ ಒಂದೇ ಸಲ ತಿರುವೋದು. ಟವೆಲ್ ಯಾಕೆ ಅಂದ್ರೆ ಮೂಳೆ ಸುತ್ತ ಮಾಂಸ ಇರ್ಬೇಕಲ್ಲ. ಚರ್ಮ ಹರಿಯೋದಕ್ಕೆ ನನ್ನ ಗುಟ್ಟು ಹೇಳ್ತೀನಿ: ಹಲಸಿನ ಹಣ್ಣು. ಹೆಬ್ಬೆರಳು ಹಾಕಿ ತೊಳೆ ಎಳೆಯೋವಾಗ ಒಂದು ಅಂಟು ಅಂಟು ಸದ್ದು ಬರುತ್ತೆ ನೋಡಿ, ಮೈಕ್ ಒಂದು ಗೇಣು ದೂರ ಇಟ್ಟು ರೆಕಾರ್ಡ್ ಮಾಡಿದ್ರೆ ನಿರ್ದೇಶಕರೇ "ಗುರುವೇ, ಸ್ವಲ್ಪ ಕಮ್ಮಿ ಮಾಡು" ಅಂತಾರೆ. ಕೆಲಸ ಮುಗಿದ ಮೇಲೆ ತೊಳೆ ತಿನ್ನೋರೂ ಇದ್ದಾರೆ. ನಾನು ತಿನ್ನಲ್ಲ.

ಟಿಕೆಟ್_ಕಿಟಕಿ

ಹಲಸಿನ ಹಣ್ಣು ಹಾಳು ಮಾಡಿದ್ರಿ ಸಾರ್. ನಮ್ಮಮ್ಮ ಇವತ್ತೇ ಅರ್ಧ ಹಣ್ಣು ಕೊಯ್ದು ಇಟ್ಟಿದ್ದಾರೆ.

ಗಿರಿನಗರದ_ಅಜ್ಜ

ಮೊಮ್ಮಗಳು ಈ ಚರ್ಚೆ ತೋರಿಸಿದಳು. ನನಗೆ ಎಪ್ಪತ್ತಾರು ವರ್ಷ. ರಾಕ್ಷಸರ ಭಾಗ ನೋಡಲಿಲ್ಲ, ನೋಡುವುದೂ ಇಲ್ಲ. ಆದರೆ ವಿಮಾನದ ದೃಶ್ಯ ಮಾತ್ರ ಅವಳ ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಿದೆ, ಕಾರಣ ಬೇರೆ.

ಆ ವಿಮಾನ ಸಿ-47. ಬ್ರಿಟಿಷರು ಅದನ್ನು ಡಕೋಟಾ ಎಂದು ಕರೆದರು. ಕೆಟ್ಟು ನಿಲ್ಲುವ ಲಡಕಾಸಿ ಬಸ್ಸಿಗೆ ನಾವು "ಡಕೋಟಾ ಗಾಡಿ" ಅನ್ನುತ್ತೇವಲ್ಲ, ಅದೇ ಹೆಸರು. ಪಾಪ, ಆ ವಿಮಾನ ಅಷ್ಟು ಕೆಟ್ಟದ್ದೇನಲ್ಲ, ನಮ್ಮವರ ಬಾಯಿಗೆ ಸಿಕ್ಕಿ ಹೆಸರು ಕೆಡಿಸಿಕೊಂಡಿತು.

ನಮ್ಮ ತಂದೆಯವರು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಹೆಸರು, ಶುರುವಾಗಿದ್ದು 1940ರ ಡಿಸೆಂಬರ್. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧದಲ್ಲಿ ಪೆಟ್ಟು ತಿಂದ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರುತ್ತಿದ್ದವು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ಹೌದು, ಈಗ ನೊರೆ ಬರುವ ಅದೇ ಕೆರೆ.

ತಂದೆಯವರು ಯುದ್ಧದ ಬಗ್ಗೆ ಹೆಚ್ಚು ಹೇಳಿದವರಲ್ಲ. ಒಂದು ಮಾತು ಮಾತ್ರ ಹೇಳುತ್ತಿದ್ದರು. ರಿಪೇರಿಗೆ ಬಂದ ವಿಮಾನದೊಳಗೆ ಹೊಕ್ಕರೆ ತಗಡಿನ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಒಳಗೆ ಬೀಳುತ್ತಿತ್ತಂತೆ. ಇವರ ಕೆಲಸ ತೂತಿಗೆ ತೇಪೆ ಹಾಕಿ ರಿವೆಟ್ ಹೊಡೆಯುವುದು. ಕೆಲವು ತೂತು ಸೀಟಿನ ನೇರಕ್ಕೇ ಇರುತ್ತಿದ್ದವು. ಆ ಸೀಟಿನಲ್ಲಿ ಯಾರು ಕೂತಿದ್ದರೆಂದು ಯಾರೂ ಕೇಳುತ್ತಿರಲಿಲ್ಲವಂತೆ. ಚಿತ್ರದಲ್ಲಿ ತಗಡಿಗೆ ತೂತು ಬಿದ್ದಾಗ ನಾನು ನೋಡಿದ್ದು ಆ ಬಿಸಿಲು ಕೋಲುಗಳನ್ನು.

ಸೆಕೆಂಡ್‌ಶೋ_ರಾಜಾಜಿನಗರ

ಅಜ್ಜಾ, ನಮಸ್ಕಾರ. ನಾನು ಒಂದು ಪ್ಯಾರಾ ಬರೆದು ಹೇಳೋಕಾಗದೇ ಇದ್ದಿದ್ದನ್ನ ನೀವು ಒಂದು ತೂತಲ್ಲಿ ಹೇಳಿದ್ರಿ.

ಇತಿಹಾಸ_ಪೀಡೆ

ವಿಮಾನದ ದೃಶ್ಯ ಚೆನ್ನಾಗಿದೆ, ಒಪ್ಕೊಂಡೆ. ಆದ್ರೆ ಒಂದು ವಿಷ್ಯ ಯಾರೂ ಎತ್ತಲಿಲ್ಲ. ಬಾಯ್ಸ್ ಕಪ್ಪು ಸೈನಿಕ. ಬಿಳಿಯರ ಜೊತೆ ಒಂದೇ ವಿಮಾನದಲ್ಲಿ ಕೂತು ಹಾರ್ತಾನೆ, ಅವರಿಗೆ ಆಜ್ಞೆ ಕೊಡೋ ಅಧಿಕಾರಿಯೂ ಕಪ್ಪು ವ್ಯಕ್ತಿ. 1944ರಲ್ಲಿ ಇದು ನಡೀತಾನೇ ಇರಲಿಲ್ಲ. ಅಮೆರಿಕದ ಸೇನೆಯಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿ ಆ ಪದ್ಧತಿ ತೆಗೆದಿದ್ದು 1948ರ ಜುಲೈನಲ್ಲಿ. ಕಪ್ಪು ಪ್ಯಾರಾಟ್ರೂಪರ್‌ಗಳ ದಳ ಒಂದಿತ್ತು, 555ನೇದು. ಅವರನ್ನ ಯುರೋಪಿಗೆ ಕಳಿಸಲೇ ಇಲ್ಲ. ಜಪಾನ್ ಬಲೂನುಗಳಲ್ಲಿ ಬಾಂಬ್ ಕಟ್ಟಿ ಅಮೆರಿಕದ ಕಾಡಿಗೆ ಬಿಡ್ತಿತ್ತು, ಆ ಬೆಂಕಿ ಆರಿಸೋಕೆ ಇವರನ್ನ ಹಾಕಿದ್ರು. ನಾರ್ಮಂಡಿ ದಡದಲ್ಲಿ ಅವತ್ತು ಇಳಿದ ಕಪ್ಪು ಸೈನಿಕರು ಇದ್ರು, ಶತ್ರು ವಿಮಾನ ತಡೆಯೋಕೆ ಬಲೂನ್ ಹಾರಿಸೋ 320ನೇ ದಳದವರು. ಅವರ ಕಥೆ ಸಿನಿಮಾದೋರಿಗೆ ಬೇಡ.

ಚರ್ಚಿನ ವಿಷ್ಯಕ್ಕೆ ಮಾತ್ರ ನಿಜವಾದ ನೆಂಟಸ್ತಿಕೆ ಇದೆ. ಸೇಂಟ್ ಮೇರ್ ಎಗ್ಲೀಸ್ ಅನ್ನೋ ಊರಲ್ಲಿ ಅವತ್ತು ರಾತ್ರಿ ಜಾನ್ ಸ್ಟೀಲ್ ಅನ್ನೋ ಸೈನಿಕನ ಪ್ಯಾರಾಚೂಟ್ ಚರ್ಚಿನ ಗೋಪುರಕ್ಕೇ ಸಿಕ್ಕಿಹಾಕ್ಕೊಂಡು, ಆತ ಸತ್ತೋನ ಥರ ನಟಿಸ್ತಾ ನೇತಾಡಿದ್ದ. ಈಗ್ಲೂ ಅಲ್ಲಿ ಒಂದು ಗೊಂಬೆ ನೇತುಹಾಕಿದ್ದಾರೆ.

ಸೆಕೆಂಡ್‌ಶೋ_ರಾಜಾಜಿನಗರ

ಸ್ವಾಮಿ, ಸತ್ತ ಹೆಣ ಎದ್ದು ಗೋಡೆ ಒಡೆಯೋ ಸಿನಿಮಾದಲ್ಲಿ ತುಕಡಿ ಸಂಖ್ಯೆ ಹುಡುಕ್ತೀರಲ್ಲ! ಆದ್ರೂ 555ನೇ ದಳದ ವಿಷ್ಯ ಗೊತ್ತಿರಲಿಲ್ಲ, ಅದಕ್ಕೆ ಥ್ಯಾಂಕ್ಸ್. ಸತ್ತೋನ ಥರ ನಟಿಸಿದೋನ ಕಥೆ ಈ ಸಿನಿಮಾಗಿಂತ ಚೆನ್ನಾಗಿದೆ.

ಹಳಗನ್ನಡದ_ಮೇಷ್ಟ್ರು

ರಕ್ತ, ಕರುಳು, ಹೆಣ ಅಂದಕೂಡಲೇ ಹಾಲಿವುಡ್ ಕಂಡುಹಿಡಿದದ್ದು ಎಂಬಂತೆ ಮಾತಾಡುತ್ತಿದ್ದೀರಲ್ಲ, ಒಂದು ನಿಮಿಷ. ಹತ್ತನೇ ಶತಮಾನದ ರನ್ನನ ಗದಾಯುದ್ಧ ಓದಿದವರು ಯಾರಾದರೂ ಇದ್ದೀರಾ? ಪಿಯುಸಿಯಲ್ಲಿ ಹತ್ತು ಪದ್ಯ ಓದಿದ್ದು ಲೆಕ್ಕಕ್ಕಿಲ್ಲ.

ದುರ್ಯೋಧನ ಸಂಜಯನ ಜೊತೆ ಕುರುಕ್ಷೇತ್ರದ ರಣರಂಗದಲ್ಲಿ ನಡೆದುಕೊಂಡು ಹೋಗುತ್ತಾನೆ, ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು. ಕಾಲಿಟ್ಟಲ್ಲಿ ಹೆಣ, ಸತ್ತ ಆನೆ, ಮುರಿದ ರಥ, ರಕ್ತದ ಕೆಸರು. ಅಲ್ಲಿ ಮರುಳುಗಳು, ಎಂದರೆ ಪಿಶಾಚಿಗಳು, ಹೆಣ ತಿನ್ನುತ್ತ ಚಕ್ರವರ್ತಿಯನ್ನೇ ಗೇಲಿ ಮಾಡುತ್ತವೆ. ಯುದ್ಧ, ಭೂತ, ಹೊಲಸು, ಹಾಸ್ಯ ನಾಲ್ಕೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿವೆ. ಅದಾದ ಮೇಲೆ ತಮ್ಮ ದುಶ್ಶಾಸನನ ಹೆಣ, ಗೆಳೆಯ ಕರ್ಣನ ಹೆಣ ಎದುರಾಗುತ್ತವೆ. ಓದುಗ ಅಳುವುದು ಅಲ್ಲಿ. ಮೊದಲು ಮೂಗು ಮುಚ್ಚಿಕೊಂಡವನೇ ಆಮೇಲೆ ಕಣ್ಣೊರೆಸಿಕೊಳ್ಳುವುದು.

ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸವೂ ಒಂದು ರಸ, ಅದರ ಸ್ಥಾಯಿಭಾವ, ಎಂದರೆ ಬುಡದಲ್ಲಿರುವ ಭಾವ, ಜುಗುಪ್ಸೆ. ರಕ್ತ, ಕರುಳು ನೋಡಿ ಹುಟ್ಟುವುದು ಕ್ಷೋಭಜ, ಮಲ, ಹುಳ ನೋಡಿ ಹುಟ್ಟುವುದು ಉದ್ವೇಗಿ ಎಂದು ಬೇರೆ ಬೇರೆ ಹೇಳಿದ್ದಾನೆ. ವಾಂತಿಯಲ್ಲೂ ವರ್ಗೀಕರಣ ಮಾಡಿದ ಜನ ನಾವು.

ಸೆಕೆಂಡ್‌ಶೋ ಅವರೇ, ನಿಮಗೆ ಬೇರೆ ರಕ್ತದ ಸಿನಿಮಾ ಆಗದು, ಇದು ಆಗುತ್ತದೆ ಎಂದಿರಿ. ನನ್ನ ಲೆಕ್ಕದಲ್ಲಿ, ಬರೀ ಬೀಭತ್ಸ ಗಂಟಲಲ್ಲಿ ಇಳಿಯುವುದಿಲ್ಲ. ಪಕ್ಕದಲ್ಲಿ ವೀರ ಬೇಕು, ಭಯಾನಕ ಬೇಕು, ಒಂದು ಚೂರು ಕರುಣವೂ ಬೇಕು. ಹಾಗಲಕಾಯಿಯನ್ನು ಯಾರೂ ಸುಮ್ಮನೆ ತಿನ್ನುವುದಿಲ್ಲ, ಬೆಲ್ಲ ಹುಣಸೆ ಹಾಕಿ ಗೊಜ್ಜು ಮಾಡಿದರೆ ಬಟ್ಟಲು ಖಾಲಿ.

ಟಿಕೆಟ್_ಕಿಟಕಿ

ಮೇಷ್ಟ್ರೇ, ಅಷ್ಟು ದೂರ ಯಾಕೆ. ಆಯುಧಪೂಜೆ ಮಾರನೇ ದಿನ ನಮ್ಮ ಪೀಣ್ಯ ರಸ್ತೆ ನೋಡಿ. ಬೂದುಗುಂಬಳಕಾಯಿಗೆ ತೂತು ಮಾಡಿ ಕುಂಕುಮ ತುಂಬಿ, ಗೇಟ್ ಮುಂದೆ ಒಡೆದು, ರಸ್ತೆ ಪೂರ್ತಿ ಕೆಂಪು ಕೆಂಪು ಹೋಳು. ಹೊಸಬರು ಯಾರಾದ್ರೂ ಬಂದ್ರೆ ಇಲ್ಲೇನೋ ಕೊಲೆ ಆಗಿದೆ ಅನ್ಕೋತಾರೆ. ಹೋದ ವರ್ಷ ಅದರ ಮೇಲೆ ಗಾಡಿ ಜಾರಿ ಬಿದ್ದೆ, ಪ್ಯಾಂಟೆಲ್ಲಾ ಕುಂಕುಮ. ಮನೆಗೆ ಹೋದ್ರೆ ಅಮ್ಮ ಕಿರುಚಿದ್ದು ನೋಡ್ಬೇಕಿತ್ತು. ನಿಜವಾದ ರಕ್ತ ಮಂಡೀಲಿ ಒಂದೇ ಒಂದು ತೊಟ್ಟು ಬಂದಿತ್ತು, ಅದನ್ನ ಯಾರೂ ಗಮನಿಸಲಿಲ್ಲ.

ಒಪ್ಪಿಗೆ_ಪತ್ರ

ಎಲ್ಲರೂ ರುಚಿಯಾಗಿ ಮಾತಾಡ್ತಿದ್ದೀರ, ಕ್ಷಮಿಸಿ, ನಾನು ಸ್ವಲ್ಪ ಉಪ್ಪು ಜಾಸ್ತಿ ಹಾಕ್ತೀನಿ.

ನಾನು ಡಾಕ್ಟರ್. ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಗಳ ಪರೀಕ್ಷೆ ನಡೆಯೋವಾಗ, ರೋಗಿಗಳಿಗೆ ಕೊಡೋ ಒಪ್ಪಿಗೆ ಪತ್ರ ಕನ್ನಡದಲ್ಲಿ ಸರಿಯಾಗಿದ್ಯಾ ಅಂತ ನೋಡೋದು ನನ್ನ ಕೆಲಸದಲ್ಲಿ ಒಂದು. "ಯಾವುದೇ ಒತ್ತಡವಿಲ್ಲದೆ ಸ್ವಇಚ್ಛೆಯಿಂದ" ಅನ್ನೋ ಸಾಲು ಇರುತ್ತೆ. ಎಷ್ಟೋ ಜನ ಅದನ್ನ ಓದದೇ ಹೆಬ್ಬೆಟ್ಟು ಮುಂದೆ ಮಾಡ್ತಾರೆ, "ನೀವು ಹೇಳಿದ್ಮೇಲೆ ಆಯ್ತು ಬಿಡಿ ಡಾಕ್ಟ್ರೇ" ಅಂತ. ನಾನು ಪ್ಯಾಡ್ ಹಿಂದಕ್ಕೆ ಎಳ್ಕೊಂಡು ಮೊದಲಿಂದ ಓದಿ ಹೇಳ್ತೀನಿ. ಆ ಸಾಲು ಎಲ್ಲಿಂದ ಬಂತು ಗೊತ್ತಾ? ನೀವು ಚುರುಮುರಿ ತಿಂದ್ಕೊಂಡು ನೋಡಿದ ಆ ನೆಲಮಾಳಿಗೆಯಿಂದ.

ನಾಜಿಗಳ ದಾಖೌ ಸೆರೆಶಿಬಿರದಲ್ಲಿ ಕೈದಿಗಳನ್ನ ಗಂಟೆಗಟ್ಟಲೆ ಮಂಜುಗಡ್ಡೆ ನೀರಲ್ಲಿ ಕೂರಿಸಿ, ಎಷ್ಟು ಹೊತ್ತಿಗೆ ಸಾಯ್ತಾರೆ ಅಂತ ಬರ್ಕೊಂಡ್ರು. ರಾವೆನ್ಸ್‌ಬ್ರೂಕ್‌ನಲ್ಲಿ ಪೋಲೆಂಡಿನ ಹೆಣ್ಣುಮಕ್ಕಳ ಕಾಲು ಸೀಳಿ, ಗಾಯಕ್ಕೆ ಬೇಕಂತಲೇ ಸೋಂಕು ತುಂಬಿದ್ರು. ಶಿಬಿರದಲ್ಲಿ ಅವರಿಗೆ "ಮೊಲಗಳು" ಅಂತ ಹೆಸರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ 23 ಜನರ ವಿಚಾರಣೆ ನಡೀತು, ಅವರಲ್ಲಿ ಹೆಚ್ಚಿನವರು ವೈದ್ಯರು. 1946ರ ಡಿಸೆಂಬರಿಂದ 1947ರ ಆಗಸ್ಟ್‌ವರೆಗೆ. ಏಳು ಜನರನ್ನ ಗಲ್ಲಿಗೇರಿಸಿದ್ರು. ಆ "ಮೊಲಗಳಲ್ಲಿ" ಕೆಲವರು ಕೋರ್ಟಿಗೆ ಬಂದು ತಮ್ಮ ಕಾಲು ತೋರಿಸಿದ್ರು. ಆ ತೀರ್ಪಿನ ಜೊತೆ ಹತ್ತು ಅಂಶಗಳ ಸಂಹಿತೆ ಬಂತು, ಮೊದಲನೇದೇ ಸ್ವಇಚ್ಛೆಯ ಒಪ್ಪಿಗೆ.

ಇದನ್ನ ತಗೊಂಡು, ಒಂದು ಸಿರಿಂಜ್ ತುಂಬ ಮಾಯಾಮದ್ದು ಮಾಡಿ, ಚುಚ್ಚಿದ್ರೆ ಸೂಪರ್ ಸೈನಿಕ ಆಗ್ತಾನೆ ಅಂದ್ರೆ ನಂಗೆ ಮೈ ಉರಿಯುತ್ತೆ. ಅಲ್ಲಿ ಯಾರೂ ಸೂಪರ್ ಆಗ್ಲಿಲ್ಲ. ಸಿನಿಮಾದಲ್ಲಿ ಆ ಹಳ್ಳಿ ಹುಡುಗಿಯ ಚಿಕ್ಕಮ್ಮನ ರೂಮಿನ ಬಾಗಿಲ ಹಿಂದೆ ಆ ಉಸಿರಾಟದ ಸದ್ದು ಬರುತ್ತಲ್ಲ, ನಾನು ಅಲ್ಲೇ ನಿಲ್ಲಿಸಿಬಿಟ್ಟೆ. ಮುಂದೆ ನೋಡಿಲ್ಲ.

ಮೂಲಂಗಿ_ಮುರಿಯೋನು

ಮೇಡಂ, ಆ ಉಸಿರು ಯಾರೋ ಮಾಡಿದ್ದು ಅಂತ ಗೊತ್ತಿದ್ರೂ ನಂಗೂ ಅಲ್ಲಿ ಕೈ ತಣ್ಣಗಾಗಿತ್ತು. ನಿಲ್ಲಿಸಿದ್ದು ತಪ್ಪೇನಲ್ಲ.

ಒಂದು ಮಾತು ಸೇರಿಸ್ತೀನಿ. ನಮ್ಮ ಕಸುಬಲ್ಲಿ ಟಾಮ್ ಸವೀನಿ ಅಂತ ದೊಡ್ಡ ಹೆಸರು, 1978ರ ಡಾನ್ ಆಫ್ ದಿ ಡೆಡ್‌ಗೆ ಗಾಯ-ರಕ್ತ ಮಾಡಿದ ಮೇಕಪ್ ಕಲಾವಿದ. ಆತ ವಿಯೆಟ್ನಾಂನಲ್ಲಿ ಸೇನೆಯ ಫೋಟೋಗ್ರಾಫರ್ ಆಗಿದ್ದೋನು. ನಿಜವಾದ ಹೆಣಗಳ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೋನು ಆಮೇಲೆ ಇಡೀ ಜೀವನ ನಕಲಿ ಹೆಣ ಮಾಡ್ದ. ಅದು ಕಾಸಿಗೆ ಮಾತ್ರ ಮಾಡೋ ಕೆಲಸ ಅಂತ ನಂಗೆ ಅನ್ಸಲ್ಲ.

ಸೆಕೆಂಡ್‌ಶೋ_ರಾಜಾಜಿನಗರ

ಡಾಕ್ಟ್ರೇ, ನಿನ್ನೆಯಿಂದ ಏನು ಉತ್ತರ ಬರೀಲಿ ಅಂತ ಕೂತಿದ್ದೆ. ವಾದ ಮಾಡಲ್ಲ. ನೀವು ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ ಶುರು ಮಾಡ್ತೀನಿ.

ಆ ಚಿಕ್ಕಮ್ಮನನ್ನ ಸಿನಿಮಾ ರಾಕ್ಷಸಿ ಮಾಡಿಲ್ಲ. ಹಳ್ಳಿಯೋರನ್ನ ಒಬ್ಬೊಬ್ಬರನ್ನೇ ಚರ್ಚಿಗೆ ಎಳ್ಕೊಂಡು ಹೋಗಿದ್ದಾರೆ, ಅವಳೊಬ್ಬಳನ್ನ ಹಿಂಗೆ ಮಾಡಿ ವಾಪಸ್ ಕಳ್ಸಿದ್ದಾರೆ. ಕ್ಲೋಯಿ ಅನ್ನೋ ಹುಡುಗಿ ಅವಳನ್ನ ರೂಮಲ್ಲಿಟ್ಕೊಂಡು, ಪುಟ್ಟ ತಮ್ಮನ್ನೂ ನೋಡ್ಕೊಂಡು, ಜರ್ಮನ್ ಅಧಿಕಾರಿ ಕಾಟನೂ ಸಹಿಸ್ಕೊಂಡು ಬದುಕ್ತಿದ್ದಾಳೆ. ಕಾಯಿಲೆಯೋರು ಇರೋ ಮನೇಲಿ ಇರುತ್ತಲ್ಲ ಒಂಥರಾ ಸುಸ್ತು, ಅದು ಅವಳ ಮುಖದಲ್ಲಿ ಇದೆ. ನಮ್ಮಜ್ಜಿ ಹಾಸಿಗೆ ಹಿಡಿದಿದ್ದ ಎರಡು ವರ್ಷ ನಮ್ಮಮ್ಮನ ಮುಖ ಹಂಗೇ ಇತ್ತು. ಬಾಗಿಲು ಅರ್ಧ ಮುಚ್ಚೋ ರೀತಿ ಸಹ ಅದೇ.

ಇನ್ನು ಬಾಯ್ಸ್. ಒಂದು ಇಲಿ ಕೊಲ್ಲೋಕೂ ಆಗದೋನು ಅಂತ ಜೊತೆಗಾರರೇ ಅವನನ್ನ ಆಡ್ಕೋತಾರೆ. ಅಂಥವನ ಕಣ್ಣಿಂದ ತೋರಿಸಿದ್ದಕ್ಕೇ ನಂಗೆ ಆ ರಕ್ತ ನೋಡೋಕಾಗಿದ್ದು ಅನ್ಸುತ್ತೆ. ಜೊತೆಗಿರೋ ಫೋರ್ಡ್ ಸೆರೆಸಿಕ್ಕ ಅಧಿಕಾರಿನ ಹೊಡೆದು ಹೊಡೆದು ಬಾಯಿ ಬಿಡಿಸ್ತಾನಲ್ಲ, ಆಗ ಬಾಯ್ಸ್ ಮುಖ ನೋಡಿ. ಕೆಳಗೆ ಕಂಡಿದ್ದಕ್ಕೂ ಮೇಲೆ ಕಾಣ್ತಿರೋದಕ್ಕೂ ಏನು ವ್ಯತ್ಯಾಸ ಅಂತ ಹುಡುಕ್ತಿರ್ತಾನೆ.

ಇದ್ರಿಂದ ನಿಮ್ಮ ಮಾತು ಸುಳ್ಳಾಗಲ್ಲ. ಸಿರಿಂಜಿನ ವಿಷ್ಯ ಸರಿಯಾಗೇ ಹೇಳಿದ್ರಿ. ಇನ್ಮೇಲೆ ಆ ತಲೆ ಬೇಡ್ಕೊಳ್ಳೋವಾಗ ನಂಗೆ ನಿಮ್ಮ ಹೆಬ್ಬೆಟ್ಟಿನ ಪ್ಯಾಡ್ ನೆನಪಾಗುತ್ತೆ.

ಇತಿಹಾಸ_ಪೀಡೆ

ಬಾಕ್ಸಾಫೀಸಲ್ಲಿ ಯಾಕೆ ಓಡ್ಲಿಲ್ಲ ಅನ್ನೋದಕ್ಕೂ ಇದೇ ಕಾರಣ ಇರ್ಬೇಕು. ಸುಮಾರು 3.8 ಕೋಟಿ ಡಾಲರ್ ಹಾಕಿ, ಅದಕ್ಕಿಂತ ಚೂರೇ ಚೂರು ಜಾಸ್ತಿ ಬಂತು. ಯುದ್ಧದ ಸಿನಿಮಾ ನೋಡೋರಿಗೆ ಹೆಣ ಬೇಡ, ಹೆಣ ನೋಡೋರಿಗೆ ಅರ್ಧ ಗಂಟೆ ಕಾಯೋ ತಾಳ್ಮೆ ಇಲ್ಲ.

ಟಿಕೆಟ್_ಕಿಟಕಿ

ಮೊದಲೆಲ್ಲ ಇಂಥ ಸಿನಿಮಾಗೆ ಬ್ರಿಗೇಡ್ ರೋಡಿನ ರೆಕ್ಸ್ ಇತ್ತು. ಮೀಸೆ ಬಂದಿದೆ ಅಂತ ತೋರ್ಸೋಕೆ ಪೆನ್ಸಿಲ್ ತೀಡ್ಕೊಂಡು ಹೋದೋನು ನಾನು. 2018ರ ಕೊನೇ ದಿನ ಅದೂ ಮುಚ್ತು. ಕತ್ತಲಲ್ಲಿ ಐನೂರು ಜನ ಒಟ್ಟಿಗೆ "ಅಯ್ಯಪ್ಪಾ" ಅನ್ನೋದು, ಹಿಂದಿಂದ ಒಬ್ಬ ಕಾಮೆಂಟ್ ಹೊಡೆಯೋದು, ಎಲ್ರೂ ನಗೋದು. ಸೋಫಾ ಮೇಲೆ ಎಲ್ಲಿ ಬರುತ್ತೆ ಅದು.

ಒಪ್ಪಿಗೆ_ಪತ್ರ

ನಿನ್ನೆ ನೈಟ್ ಡ್ಯೂಟಿ ಇರ್ಲಿಲ್ಲ. ಬಾಗಿಲಿನಿಂದ ಮುಂದಕ್ಕೆ ಪೂರ್ತಿ ನೋಡಿದೆ.

ಕ್ಲೋಯಿ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅವಳು ಬೆಂಕಿ ಉಗುಳೋ ಬಂದೂಕು ಎತ್ಕೊಂಡಾಗ ನಾನೊಬ್ಬಳೇ ರೂಮಲ್ಲಿ "ಹಾಕಮ್ಮ" ಅಂದೆ, ನಾಚಿಕೆ ಬಿಟ್ಟು ಹೇಳ್ತಿದ್ದೀನಿ. ಮೂಳೆ ಸದ್ದು ಬಂದಾಗಲೆಲ್ಲ ಮೂಲಂಗಿ ಅಂತ ಹೇಳ್ಕೊಂಡೆ, ಉಪಯೋಗಕ್ಕೆ ಬಂತು.

ಆದ್ರೆ ಕೊನೇ ಸೀನ್ ಬಗ್ಗೆ ನೀವ್ಯಾರೂ ಹೇಳ್ಲೇ ಇಲ್ಲ. ಎಲ್ಲಾ ಉಡಾಯಿಸಿ ಮುಗಿಸಿದ ಮೇಲೆ ಮೇಲಧಿಕಾರಿ ಬಾಯ್ಸ್‌ನ ಕೇಳ್ತಾನೆ, ಚರ್ಚಿನ ಕೆಳಗೆ ಪ್ರಯೋಗಶಾಲೆ ಇತ್ತಂತಲ್ಲ, ಅಗೆಯೋ ಅಂಥದ್ದು ಏನಾದ್ರೂ ಇದ್ಯಾ ಅಂತ. ಇವನು ಏನೂ ಇಲ್ಲ ಅಂದ್ಬಿಡ್ತಾನೆ. ಆ ಸಿರಿಂಜಿನ ಮದ್ದು ಯಾರ ಕೈಗೂ, ತನ್ನವರ ಕೈಗೂ ಸಿಗಬಾರ್ದು ಅಂತ ಒಳ್ಳೇ ಮನಸ್ಸಿಂದ ಹೇಳೋ ಸುಳ್ಳು. ಸಿನಿಮಾನೂ ಅದನ್ನ ಒಳ್ಳೇದು ಅಂತಲೇ ತೋರಿಸುತ್ತೆ.

ನಂಗೆ ಇಡೀ ಸಿನಿಮಾದಲ್ಲಿ ಭಯ ಆಗಿದ್ದು ಅಲ್ಲಿ. ನ್ಯೂರೆಂಬರ್ಗ್‌ನಲ್ಲಿ ಆ ಡಾಕ್ಟರುಗಳಿಗೆ ಶಿಕ್ಷೆ ಆಗಿದ್ದು ಕಾಗದದಿಂದ. ಅವರೇ ಬರೆದಿಟ್ಟ ವರದಿ, ಪತ್ರ, ಪಟ್ಟಿ. ಅವೆಲ್ಲ ಯಾರೋ ಒಬ್ಬ ಒಳ್ಳೇ ಹುಡುಗ ಮಣ್ಣು ಮುಚ್ಚಿ "ಏನೂ ಇಲ್ಲ ಸಾರ್" ಅಂದಿದ್ರೆ? ಬೇಡ್ಕೊಂಡ ಆ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲಿತ್ತೋ, ಅದೂ ಸುಟ್ಟು ಹೋಯ್ತು.

ಸೆಕೆಂಡ್‌ಶೋ_ರಾಜಾಜಿನಗರ

ನಾಲ್ಕು ಸಲ ನೋಡಿದ್ದೀನಿ ಮೇಡಂ. ನಾಲ್ಕು ಸಲನೂ ಆ ಸುಳ್ಳಿಗೆ "ಶಭಾಷ್" ಅಂದಿದ್ದೀನಿ.

ಹಳಗನ್ನಡದ_ಮೇಷ್ಟ್ರು

ಡಾಕ್ಟರಮ್ಮ ಹೇಳಿದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಗಿರಿನಗರದ_ಅಜ್ಜ

ಮೊಮ್ಮಗಳು ಕಾಲೇಜಿಗೆ ಹೋಗಿದ್ದಾಳೆ. ಆ ಕೊನೆಯ ದೃಶ್ಯ ಒಂದನ್ನು ನಾನೂ ನೋಡಬೇಕು. ನಡುವಿನ ರಾಕ್ಷಸರ ಭಾಗ ದಾಟಿಸಿ ನೇರ ಅಲ್ಲಿಗೆ ಹೋಗಲು ಯಾವ ಬಟನ್ ಒತ್ತಬೇಕು ಎಂದು ಯಾರಾದರೂ ದಯವಿಟ್ಟು ತಿಳಿಸಿ.